ಬಿಳಿ ಮೋಡ, ಕೌದಳ್ಳಿಯ ಅರಿಶಿನ

ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ನಿಮ್ಮ ಅನುಭವ ಒಂದಿಷ್ಟು ಬರೆದುಕೊಡಿ ಎಂದು ಕಚೇರಿಯವರು ಕೇಳಿದಾಗ ನನಗೆ ನಗು ಬಂತು. ಮಳೆ ಎಂದ ದಿನ ಬಿಸಿಲು ಕಾದದ್ದು, ಬಿಸಿಲು ಎಂದ ದಿನ ನಾನೇ ಕೊಡೆಯಿಲ್ಲದೆ ತೊಪ್ಪೆಯಾಗಿ ಮನೆ ಸೇರಿದ್ದು, ಇವನ್ನೆಲ್ಲ ಅನುಭವ ಎನ್ನುವುದಾದರೆ ನನ್ನ ಬಳಿ ಬೇಕಾದಷ್ಟಿದೆ. ಯಾವ ವರ್ಷ ಯಾವ ಬಡ್ತಿ ಬಂತು ಎನ್ನುವುದು ಸೇವಾ ಪುಸ್ತಕದಲ್ಲಿದೆ. ಅದು ಅಲ್ಲೇ ಇರಲಿ, ಅದನ್ನು ಓದಿ ಯಾರೂ ಮೋಡ ನೋಡುವುದನ್ನು ಕಲಿತಿಲ್ಲ.

ನಾನು ರಾಜಮ್ಮ. ಹುಟ್ಟಿದ್ದು ಯಳಂದೂರು ತಾಲ್ಲೂಕಿನ ಅಗರದಲ್ಲಿ. ಕೆಲಸ ಮಾಡಿದ್ದು ಕೊಳ್ಳೇಗಾಲದಲ್ಲಿ, ಒಂದು ಹಿಪ್ಪುನೇರಳೆ ತೋಟದ ಪಕ್ಕದ ಎರಡು ಕೋಣೆಯ ಹವಾಮಾನ ಘಟಕದಲ್ಲಿ. ಉಪಗ್ರಹ ಕಳಿಸುವ ಮೋಡದ ಚಿತ್ರ ನೋಡಿ, ಕೊಳ್ಳೇಗಾಲ, ಹನೂರು, ಯಳಂದೂರಿನ ರೈತರಿಗೆ ವಾರಕ್ಕೆರಡು ಸಲ ಮಳೆ ಬಿಸಿಲಿನ ಸೂಚನೆ ಬರೆಯುವುದು ನನ್ನ ಕೆಲಸ. ಹಳ್ಳಿಗಳಲ್ಲಿ ನನಗಿದ್ದ ಹೆಸರು ಮಳೆ ಮೇಡಂ. ಮಳೆ ಬಂದ ವಾರ ಅದನ್ನು ಪ್ರೀತಿಯಿಂದ ಕರೆಯುತ್ತಿದ್ದರು, ಬಾರದ ವಾರ ಬೇರೆ ಥರ ಕರೆಯುತ್ತಿದ್ದರು.

ನಮ್ಮ ಉಪಗ್ರಹದ ವಿಚಾರ ಮೊದಲು ಹೇಳಿಬಿಡುತ್ತೇನೆ. ಅದು ಸಮಭಾಜಕ ವೃತ್ತದ ಮೇಲೆ, ಮೂವತ್ತಾರು ಸಾವಿರ ಕಿಲೋಮೀಟರ್ ಎತ್ತರದಲ್ಲಿದೆ. ಭೂಮಿ ಒಂದು ಸುತ್ತು ತಿರುಗುವಷ್ಟರಲ್ಲಿ ಅದೂ ಒಂದು ಸುತ್ತು ಬರುವುದರಿಂದ ನಮಗೆ ಆಕಾಶದಲ್ಲಿ ಒಂದೇ ಕಡೆ ನಿಂತ ಹಾಗೆ. ಬೇರೆ ಉಪಗ್ರಹಗಳು ಕೆಳಗೆ ಓಡಾಡುತ್ತವೆ, ಹೆಂಚು ಎಣಿಸುವಷ್ಟು ಸ್ಪಷ್ಟವಾಗಿ ನೋಡುತ್ತವೆ, ಆದರೆ ನೋಡಿದವೇ ಹೊರಟುಹೋಗುತ್ತವೆ. ನಮ್ಮದು ಮಬ್ಬುಗಣ್ಣಿನದು, ಆದರೆ ಜಾಗ ಬಿಟ್ಟು ಕದಲುವುದಿಲ್ಲ.

ಇದನ್ನು ಊರಿನಲ್ಲಿ ವಿವರಿಸಲು ಹೋಗಿ ನಾನು ಸೋತವಳು. ಕೆಲಸಕ್ಕೆ ಸೇರಿದ ಮೊದಲ ವರ್ಷ ಅಗರದ ನನ್ನ ಚಿಕ್ಕಪ್ಪ ರಂಗಸ್ವಾಮಿಯ ಎಮ್ಮೆ ತಪ್ಪಿಸಿಕೊಂಡಿತು. ಅವರು ಯಳಂದೂರಿನಲ್ಲಿ ಬಸ್ಸು ಹತ್ತಿ ನೇರ ನನ್ನ ಕಚೇರಿಗೇ ಬಂದರು.

"ನಿನ್ ಮಿಸಿನ್ನಲ್ಲಿ ವಸಿ ನೋಡು ಮಗ, ಎಮ್ಮೆ ಎಲ್ಲದೆ ಅಂತ."

"ಚಿಕ್ಕಪ್ಪ, ಇದ್ರಲ್ಲಿ ಎಮ್ಮೆ ಕಾಣಕಿಲ್ಲ. ಅಗರ, ಕೆರೆ, ಗದ್ದೆ ಎಲ್ಲಾ ಸೇರುದ್ರೂ ಇದ್ರಲ್ಲಿ ಒಂದೇ ಒಂದು ಚುಕ್ಕೆ."

ಚಿಕ್ಕಪ್ಪ ಆ ಚುಕ್ಕೆಯನ್ನೇ ಸ್ವಲ್ಪ ಹೊತ್ತು ನೋಡಿದರು. "ಅಂಗಾರೆ ಎಮ್ಮೆ ಅದೇ ಚುಕ್ಕೇಲದೆ ಅಂತಾಯ್ತು. ಸದ್ಯ, ದೂರ ಓಗಿಲ್ಲ ಬುಡು" ಎಂದು ಸಮಾಧಾನದಿಂದ ಎದ್ದು ಹೋದರು. ಸಂಜೆಗೆ ಎಮ್ಮೆ ಕೆರೆ ಏರಿಯ ಹಿಂದೆಯೇ ಸಿಕ್ಕಿತು. ನನ್ನ ವೃತ್ತಿ ಜೀವನದಲ್ಲಿ ಪೂರ್ತಿ ಸರಿಯಾದ ಮೊದಲ ಸೂಚನೆ ಅದೇ.

ನನ್ನ ಮೇಲಧಿಕಾರಿ ಶಿವಲಿಂಗಯ್ಯ. ಹನೂರಿನವರು. ವಾಯುಪಡೆಯ ಹವಾಮಾನ ವಿಭಾಗದಲ್ಲಿ ದುಡಿದು, ವಾರಂಟ್ ಆಫೀಸರ್ ಆಗಿ ನಿವೃತ್ತರಾಗಿ, ನಮ್ಮಲ್ಲಿಗೆ ಬಂದವರು. ಎಲ್ಲರ ಬಾಯಲ್ಲೂ ವಾರಂಟ್ ಸಾಹೇಬರು. ಅವರ ಬೂಟು ನಮ್ಮ ಕಚೇರಿಯ ಕನ್ನಡಿಗಿಂತ ಹೊಳೆಯುತ್ತಿತ್ತು. "ಮಳೆ ಬರುವ ಸಾಧ್ಯತೆ ಇದೆ" ಎಂದು ನಾನು ಬರೆದರೆ ಸಾಧ್ಯತೆಯ ಕೆಳಗೆ ಕೆಂಪು ಗೆರೆ ಎಳೆಯುತ್ತಿದ್ದರು. "ಪೈಲಟ್ ರೆಕ್ಕೆ ಮೇಲೆ ಕಾಲಿಟ್ಟುಕೊಂಡು ಕೇಳ್ತಾನೆ, ಹೋಗ್ಲಾ ಬೇಡ್ವಾ ಅಂತ. ಅವನಿಗೆ ಸಾಧ್ಯತೆ ತಗೊಂಡು ಏನಾಗ್ಬೇಕಮ್ಮ?"

"ಸಾರ್, ನಮ್ಮವರು ರಾಗಿ ಬೆಳೆಯೋರು, ವಿಮಾನ ಹಾರಿಸೋರಲ್ಲ."

"ರಾಗಿಯವನೂ ಅದನ್ನೇ ಕೇಳೋದು. ಕೊಯ್ಲಾ ಬೇಡ್ವಾ."

ಅವರದೊಂದು ಅಭ್ಯಾಸ ನಮಗೆಲ್ಲ ತಮಾಷೆ. ಸಂಜೆ ಐದೂವರೆಗೆ ಆ ದಿನದ ಮೋಡದ ಚಿತ್ರಗಳನ್ನೆಲ್ಲ ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕಿ, ಎರಡು ಸಲ ಎಳೆದು ನೋಡುತ್ತಿದ್ದರು. ವಾಯುಪಡೆಯಲ್ಲಿ ಅಂಥ ಕಾಗದದ ಮೇಲೆ ಗೋಪ್ಯ ಎಂಬ ಮುದ್ರೆ ಬೀಳುತ್ತಿತ್ತಂತೆ. ನಮ್ಮ ಕಾಲಕ್ಕೆ ಅದೇ ಚಿತ್ರ ಟೀವಿಯಲ್ಲಿ ಬರುತ್ತಿತ್ತು, ಆಮೇಲೆ ಫೋನಿನಲ್ಲೂ ಬಂತು. ಒಂದು ಸಲ ಬೀಗದ ಕೈ ಕಳೆದು, ನಮ್ಮದೇ ನಿನ್ನೆಯ ಚಿತ್ರ ನೋಡಲು ಎದುರಿನ ಟೀ ಅಂಗಡಿಯವರ ಫೋನು ಇಸಿದುಕೊಂಡೆವು. ಸಾಹೇಬರು ಮುಖ ಆ ಕಡೆ ತಿರುಗಿಸಿಕೊಂಡು ಟೀ ಕುಡಿದರು.

ಸೈನ್ಯಕ್ಕೂ ಈ ಉಪಗ್ರಹಕ್ಕೂ ಏನು ಸಂಬಂಧ ಎಂದು ಹೊಸಬರು ಕೇಳುತ್ತೀರಿ. ಇದು ಶತ್ರುವಿನ ಟ್ಯಾಂಕು ತೋರಿಸುವುದಿಲ್ಲ. ಆದರೆ ಹೆಲಿಕಾಪ್ಟರ್ ಯಾವ ಕಣಿವೆಗೆ ಹೋಗಬಹುದು, ಹಡಗು ಯಾವ ಕಡೆ ತಿರುಗಬಾರದು ಎಂದು ಹೇಳುತ್ತದೆ. ಕೆಲವು ದೊಡ್ಡ ದೇಶಗಳು ಅಷ್ಟೇ ಎತ್ತರದಲ್ಲಿ ಬರೀ ಶಾಖ ನೋಡುವ ಉಪಗ್ರಹ ನಿಲ್ಲಿಸಿಕೊಂಡು, ಎಲ್ಲಾದರೂ ಕ್ಷಿಪಣಿ ಹಾರಿತೇ ಎಂದು ಕಾಯುತ್ತವೆ. ಶಾಖ ಹಿಡಿಯುವ ಅಂಥದೇ ಕಣ್ಣು, ಸಣ್ಣ ಮಟ್ಟದಲ್ಲಿ, ನಮ್ಮ ಉಪಗ್ರಹಕ್ಕೂ ಇದೆ. ನಾವು ಅದರಲ್ಲಿ ಹಿಡಿದದ್ದು ಕುಂತೂರಿನ ಕಬ್ಬಿನ ತರಗನ್ನು.

ಒಂದು ಬೇಸಿಗೆ ಬಿಳಿಗಿರಿರಂಗನ ಬೆಟ್ಟದ ಅಂಚಿನಲ್ಲಿ ಒಂದು ಬಿಸಿ ಚುಕ್ಕೆ ಕಂಡಿತು. ಕಾಡಿಗೆ ಬೆಂಕಿ ಬಿತ್ತು ಎಂದು ನಾನು ಅರಣ್ಯದವರಿಗೆ ಫೋನು ಮಾಡಿದೆ. ಜೀಪಿನಲ್ಲಿ ಎಂಟು ಮಂದಿ ಹೋದರು. ಅಲ್ಲಿ ಜಿಂಕೆಗಳು ನೆಮ್ಮದಿಯಾಗಿ ಮೇಯುತ್ತಿದ್ದವಂತೆ. ನಿಜಕ್ಕೂ ಹೊಗೆಯಾಡುತ್ತಿದ್ದದ್ದು ಕುಂತೂರಿನ ಕಡೆ, ಕಬ್ಬು ಕಡಿದ ಮೇಲೆ ಆ ಸಾಲಿನ ಗದ್ದೆಯವರೆಲ್ಲ ಒಟ್ಟಿಗೆ ತರಗಿಗೆ ಬೆಂಕಿ ಇಟ್ಟಿದ್ದರು. ಉಪಗ್ರಹದ ಚಿತ್ರ ನಕ್ಷೆಯ ಮೇಲೆ ಎರಡು ಚೌಕ ಆಚೆ ಸರಿದು ಕೂತಿದ್ದನ್ನು ನಾನು ನದಿಯ ಗೆರೆಗೆ ಹೋಲಿಸಿ ನೋಡಿಕೊಳ್ಳಬೇಕಿತ್ತು, ನೋಡಿರಲಿಲ್ಲ. ಮಾರನೇ ದಿನ ಗಾರ್ಡು ಒಂದು ಕಬ್ಬಿನ ಜಲ್ಲೆ ತಂದು ನನ್ನ ಮೇಜಿನ ಮೇಲಿಟ್ಟರು. "ನಿಮ್ ಕಾಡ್ನಲ್ಲಿ ಸಿಕ್ತು ಮೇಡಂ. ಬಲೇ ಸೀ ಅದೆ, ತಿನ್ನಿ."

ಅದು ನಗುವಂಥ ತಪ್ಪು. ನಗಲಾಗದ ತಪ್ಪು ಅದಕ್ಕೂ ಮುಂಚೆಯೇ ಆಗಿಹೋಗಿತ್ತು. ಇಲ್ಲಿಯವರೆಗೂ ಅದನ್ನು ಬರೆಯದೆ ಅಡ್ಡಾಡುತ್ತಿದ್ದೇನೆ ಎಂದು ನಿಮಗೂ ಗೊತ್ತಾಗಿರಬಹುದು.

ಹನೂರಿನಿಂದ ಮಾದಪ್ಪನ ಬೆಟ್ಟಕ್ಕೆ ಹೋಗುವ ದಾರಿಯಲ್ಲಿ ಕೌದಳ್ಳಿ. ಅಲ್ಲಿ ಸಿದ್ದರಾಜು ಎಂಬುವರ ಅಂಗಡಿಗೆ ನಮ್ಮ ಸೂಚನೆ ಹೋಗುತ್ತಿತ್ತು, ಅವರು ಅದನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದರು. ಮಾದೇವಮ್ಮ ಎಂಬ ಹೆಂಗಸು ಪ್ರತಿ ಸಲ ಬಂದು ಬೇರೆಯವರಿಂದ ಅದನ್ನು ಓದಿಸಿಕೊಂಡು ಹೋಗುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಒಬ್ಬರೇ ಅರಿಶಿನ ಬೆಳೆಯುತ್ತಿದ್ದರು. ಅರಿಶಿನ ವರ್ಷಕ್ಕೊಂದೇ ಬೆಳೆ. ಕಿತ್ತು, ಕೊಪ್ಪರಿಗೆಯಲ್ಲಿ ಬೇಯಿಸಿ, ಎರಡು ವಾರ ಕಣದಲ್ಲಿ ಒಣಗಿಸಬೇಕು. ಆಗ ನೆಂದರೆ ಬಣ್ಣ ಹೋಗುತ್ತದೆ, ಹಸಿಯಾಗಿರುವಾಗ ಮುಚ್ಚಿಟ್ಟರೆ ಬೆವತು ಬೂಷ್ಟು ಹಿಡಿಯುತ್ತದೆ. ಎರಡರ ನಡುವೆ ಅವರಿಗಿದ್ದ ಆಸರೆ ಆ ಬೋರ್ಡು.

ಮಾರ್ಚ್ ತಿಂಗಳು. ಸಾಹೇಬರು ಹನೂರಿನ ಮದುವೆಗೆ ಹೋಗಿದ್ದರು, ಮೊದಲ ಸಲ ಸೂಚನೆ ಒಬ್ಬಳೇ ಬರೆಯಬೇಕಿತ್ತು. ಬೆಳಕು ಹರಿಯುವ ಮುಂಚೆ ಬಂದ ಚಿತ್ರ ಶಾಖದ ಚಿತ್ರ. ಅದರಲ್ಲಿ ತಣ್ಣಗಿರುವುದೆಲ್ಲ ಬೆಳ್ಳಗೆ ಕಾಣುತ್ತದೆ. ತಮಿಳುನಾಡಿನ ಕಡೆಯಿಂದ ಹನೂರಿನ ಮೇಲೆಲ್ಲ ಹಾಲು ಚೆಲ್ಲಿದಂತೆ ಬಿಳಿ. ಸಾಹೇಬರು ಬಂದಾಗ ಭೇಷ್ ಎನ್ನಲಿ ಎಂಬ ಆಸೆಯೂ ಇತ್ತು, ಅದನ್ನು ಮುಚ್ಚಿಡುವುದಿಲ್ಲ. "ಮೂರು ದಿನ ಭಾರಿ ಮಳೆ. ಒಣಹಾಕಿದ ಫಸಲನ್ನು ಮುಚ್ಚಿಡಿ" ಎಂದು ಬರೆದೆ. ಸಾಧ್ಯತೆ ಎಂಬ ಪದವನ್ನೂ ಹಾಕಲಿಲ್ಲ.

ಮೂರು ದಿನವೂ ಹನಿ ಬೀಳಲಿಲ್ಲ. ಸೂರ್ಯನ ಸುತ್ತ ಒಂದು ಬಳೆ ಕಟ್ಟಿಕೊಂಡು ಆಕಾಶ ಮಂಕಾಗಿ ನಿಂತಿತ್ತು, ಅಷ್ಟೇ. ನಾಲ್ಕನೇ ದಿನ ಮಾದೇವಮ್ಮ ಎರಡು ಬಸ್ಸು ಹಿಡಿದು ಕೊಳ್ಳೇಗಾಲಕ್ಕೆ ಬಂದರು. ಸೆರಗಿನ ಗಂಟು ಬಿಚ್ಚಿ ಬೂಷ್ಟು ಹಿಡಿದ ಅರಿಶಿನವನ್ನು ನನ್ನ ಮೇಜಿನ ಮೇಲೆ ಸುರಿದರು.

"ಮೂರ್ ದಿನ ಟಾರ್ಪಾಲ್ ತಗೀಲೇ ಇಲ್ಲ ಕನವ್ವ. ನೀವು ಏಳಿದ್ರಲ್ಲ ಅಂತ. ತಗಳಿ, ನಿಮ್ ಮಿಸಿನ್ಗೆ ಸಾರ್ಗಾಯ್ತದೆ."

ನಾನು ಕ್ಷಮೆ ಕೇಳಿದೆ. ಅವರು ಖಾಲಿ ಸೆರಗು ಒದರಿಕೊಂಡು ಹೊರಟುಹೋದರು. ನಾನು ಕಚೇರಿಯಲ್ಲೇ ಕೂತು ಅತ್ತೆ.

ಸಾಹೇಬರು ಬಂದು ಬಯ್ಯಲಿಲ್ಲ. ನಾನು ಸೂಚನೆ ಬರೆದ ದಿನದ ಬೆಳಿಗ್ಗೆ ಒಂಬತ್ತರ ಚಿತ್ರ ತೆಗೆದು ನನ್ನ ಚಿತ್ರದ ಪಕ್ಕ ಇಟ್ಟರು. ಅದು ಸೂರ್ಯನ ಬೆಳಕಿನಲ್ಲಿ ತೆಗೆದದ್ದು. ಮೋಡದ ಮೂಲಕವೇ ಬೆಟ್ಟದ ಸಾಲು, ಕಾವೇರಿಯ ಗೆರೆ ಎಲ್ಲ ಕಾಣುತ್ತಿದ್ದವು. ಎಲ್ಲೋ ಗುಡುಗಿ ಮುಗಿದ ಮಳೆಮೋಡದ ನೆತ್ತಿಯಿಂದ ಹಾರಿಬಂದ ತೆಳು ಮೋಡ ಅದು. ಬಹಳ ಎತ್ತರದಲ್ಲಿದೆ, ಆದ್ದರಿಂದ ತಣ್ಣಗಿದೆ, ಆದ್ದರಿಂದ ಬೆಳ್ಳಗಿದೆ. ಒಳಗೆ ನೀರಿಲ್ಲ.

"ಸೆರಗು ನೋಡಿ ಕಂಬಳಿ ಅಂದ್ಕೊಂಡೆಯಲ್ಲಮ್ಮ" ಎಂದರು. ಆಮೇಲೆ ಬಾಗಿಲ ಕಡೆ ನೋಡುತ್ತ ತಮ್ಮ ಕಥೆಯನ್ನೂ ಹೇಳಿದರು. ಗಡಿಯ ಬೆಟ್ಟದ ನೆಲೆಯಲ್ಲಿ ಒಂದು ಬೆಳಗಿನ ಜಾವ, ಮೇಲಿನ ಠಾಣೆಗೆ ದಿನಸಿ ಒಯ್ಯುವ ಹೆಲಿಕಾಪ್ಟರಿಗೆ ಕಣಿವೆ ತಿಳಿಯಾಗಿದೆ ಎಂದು ಅವರು ಹೇಳಿಬಿಟ್ಟಿದ್ದರಂತೆ. ಕಣಿವೆ ತುಂಬ ಮಂಜಿತ್ತು. ತಗ್ಗಿನ ಮಂಜು ನೆಲದಷ್ಟೇ ಬೆಚ್ಚಗಿದ್ದರೆ ಶಾಖದ ಚಿತ್ರಕ್ಕೆ ಎರಡೂ ಒಂದೇ. ಪೈಲಟ್ ಹೇಗೋ ವಾಪಸ್ ಬಂದು, "ಈಗ ಹೇಳಿ, ಕಣಿವೆಯಲ್ಲಿ ಏನಿತ್ತು?" ಎಂದು ಕೇಳಿದನಂತೆ. "ಅವತ್ತಿಂದ ಒಂದು ಚಿತ್ರ ನೋಡಿ ನಾನು ಬಾಯಿ ಬಿಟ್ಟಿಲ್ಲ. ನೀನೂ ಬಿಡಬೇಡ. ಗೊತ್ತಿಲ್ದೇ ಇದ್ರೆ ಗೊತ್ತಿಲ್ಲ ಅನ್ನು. ಆದರೆ ಕಂಡದ್ದನ್ನ ಬಿಟ್ಟು ಬೇರೆ ಹೇಳಬೇಡ." ಮೇಜಿನ ಮೇಲಿನ ಅರಿಶಿನದಲ್ಲಿ ಒಂದು ಕೊಂಬನ್ನು ನನ್ನ ಡ್ರಾಯರಿನಲ್ಲಿ ಹಾಕಿಸಿದರು. ಪ್ರತಿ ಸೂಚನೆಗೆ ಮುಂಚೆ ಡ್ರಾಯರ್ ಎಳೆದು ನೋಡಬೇಕು ಎಂಬುದು ಅವರ ಅಪ್ಪಣೆ. ಅದೂ ಒಂಥರಾ ಮಿಲಿಟರಿ.

ಅಲ್ಲಿಂದ ಮುಂದೆ ಮಾದೇವಮ್ಮ ಬೋರ್ಡು ಓದಿಸುವುದನ್ನು ಬಿಡಲಿಲ್ಲ. ಓದಿಸಿಕೊಂಡು ತಿರುಗುಮುರುಗು ಮಾಡತೊಡಗಿದರು. "ಮಳೆ ಮೇಡಮ್ಮು ಬತ್ತದೆ ಅಂದ್ರೆ ಒಣಗಾಕಿ, ಬರಕಿಲ್ಲ ಅಂದ್ರೆ ಮುಚ್ಚಿ" ಎಂದು ಅಂಗಡಿ ಜಗಲಿಯ ಮೇಲೆ ಕೂತವರಿಗೆಲ್ಲ ಉಪದೇಶ. ಕೆಲವು ವಾರ ಅವರ ಪದ್ಧತಿಯೇ ನಮ್ಮದಕ್ಕಿಂತ ಚೆನ್ನಾಗಿ ನಡೆಯಿತು ಎಂದು ಸಿದ್ದರಾಜು ಫೋನಿನಲ್ಲಿ ನಗುತ್ತಿದ್ದರು. ನಾನೂ ನಗುತ್ತಿದ್ದೆ, ಆದರೆ ಭಯವೂ ಇತ್ತು. ಒಂದು ದಿನ ನನ್ನ ಮಾತು ನಿಜವಾಗುತ್ತದೆ. ಅವತ್ತು ಅವರ ವರ್ಷದ ಅರಿಶಿನ ನೀರುಪಾಲಾಗುತ್ತದೆ.

ವರ್ಷಗಳು ಉರುಳಿದವು. ಜಾರುವ ಕಾಗದದ ಸುರುಳಿಯಲ್ಲಿ, ಅರ್ಧ ಮಸಿಯಾಗಿ ಬರುತ್ತಿದ್ದ ಚಿತ್ರ ಕಂಪ್ಯೂಟರಿಗೆ ಬಂತು. ಮೂರು ಗಂಟೆಗೊಂದು ಬರುತ್ತಿದ್ದದ್ದು ಅರ್ಧ ಗಂಟೆಗೊಂದಾಯಿತು. ಬೋರ್ಡಿನ ಜಾಗಕ್ಕೆ ವಾಟ್ಸಾಪ್ ಗುಂಪು ಬಂತು. ಸಾಹೇಬರು ಎರಡನೇ ಸಲ ನಿವೃತ್ತರಾಗಿ ಕೊಳ್ಳೇಗಾಲದಲ್ಲೇ ಮನೆ ಮಾಡಿದರು. ಬದಲಾಗದೆ ಉಳಿದದ್ದು ಡ್ರಾಯರಿನ ಅರಿಶಿನ ಮತ್ತು ಮಾದೇವಮ್ಮ.

ನನ್ನ ಸೇವೆ ಎರಡು ವರ್ಷ ಉಳಿದಿತ್ತು. ಏಪ್ರಿಲ್‌ನ ಒಂದು ಮಧ್ಯಾಹ್ನ, ಹನ್ನೆರಡೂವರೆಯ ಚಿತ್ರದಲ್ಲಿ ಮಾದಪ್ಪನ ಬೆಟ್ಟದ ಪೂರ್ವಕ್ಕೆ ಒಂದು ಬಿಳಿ ಚುಕ್ಕೆ. ಒಂದು ಗಂಟೆಯ ಚಿತ್ರದಲ್ಲಿ ಅದು ಹೆಬ್ಬೆಟ್ಟಿನ ಉಗುರಿನಷ್ಟಾಗಿ ಪಶ್ಚಿಮಕ್ಕೆ ಸರಿದಿತ್ತು. ಈ ಸಲ ಶಾಖದ್ದು, ಬೆಳಕಿನದು ಎರಡೂ ಚಿತ್ರ ನೋಡಿದೆ. ಬೆಳಕಿನ ಚಿತ್ರದಲ್ಲಿ ಹೂಕೋಸಿನ ಹಾಗೆ ಗಂಟುಗಂಟು, ಕೆಳಗಿನ ಬೆಟ್ಟ ಕಾಣದಷ್ಟು ದಟ್ಟ. ಇದು ಸೆರಗಲ್ಲ, ಕಂಬಳಿಯೇ. ಕೌದಳ್ಳಿ ತಲುಪಲು ಅದಕ್ಕೆ ಹೆಚ್ಚೆಂದರೆ ಒಂದೂವರೆ ಗಂಟೆ ಸಾಕು. ಗುಂಪಿಗೆ ಎಚ್ಚರಿಕೆ ಹಾಕಿದೆ. ಸಿದ್ದರಾಜು ತಕ್ಷಣ ಫೋನು ಮಾಡಿದರು.

"ಎಲ್ರೂ ಮುಚ್ಕತಾವ್ರೆ ಮೇಡಂ. ಮಾದೇವಮ್ಮೋರ್ದು ಮಾತ್ರ ಪೂರಾ ಕಣ್ದಲ್ಲೇ ಅದೆ. ಅವರ್ತಾವ ಇರದು ಬಟನ್ ಫೋನು, ಮೆಸೇಜು ನೋಡಕಿಲ್ಲ."

"ನೀವೇ ಹೋಗಿ ಹೇಳ್ಬಾರ್ದಾ?"

"ಏಳ್ಬೋದು. ಯಾರ್ ಏಳಿದ್ದು ಅಂತಾರೆ. ಮಳೆ ಮೇಡಂ ಅಂದ್ರೆ ಇನ್ನೂ ಚೆಂದಾಗಿ ಒಣಗಾಕ್ತಾರೆ."

ಅವರಿಂದ ಮಾದೇವಮ್ಮನ ನಂಬರು ಪಡೆದು ನಾನೇ ಒತ್ತಿದೆ. ಆ ಕಡೆ ಗಂಟೆ ಬಡಿಯುತ್ತಿರುವಾಗ ಡ್ರಾಯರ್ ಎಳೆದು ನೋಡಿದೆ. ಕಂಡದ್ದನ್ನ ಬಿಟ್ಟು ಬೇರೆ ಹೇಳಬೇಡ ಎಂದಿದ್ದರು ಸಾಹೇಬರು. ಕಂಡದ್ದನ್ನು ಹೇಳಿದರೆ ಈ ಹೆಂಗಸಿನ ವರ್ಷ ಹೋಗುತ್ತದೆ, ಎರಡನೇ ಸಲ, ನನ್ನ ಕೈಯಿಂದಲೇ.

"ಮಾದೇವಕ್ಕ, ನಾನು ಕೊಳ್ಳೇಗಾಲದಿಂದ ರಾಜಮ್ಮ."

"ಏಳಿ ಮೇಡಮ್ಮೋರೆ. ಏನ್ ಇಸ್ಯ?"

"ಇವತ್ತು ಮಳೆ ಬರಕಿಲ್ಲ. ಧೈರ್ಯವಾಗಿ ಒಣಗಾಕಿ."

"ಬರಕಿಲ್ವಾ?"

"ಬರಕಿಲ್ಲ."

"ಚೆಂದಾಗಿ ನೋಡುದ್ರಾ?"

"ನೋಡಿದೆ."

"ಸರಿ ಬುಡಿ" ಎಂದು ಇಟ್ಟುಬಿಟ್ಟರು.

ಎರಡೂವರೆಗೆ ಕೌದಳ್ಳಿಯಲ್ಲಿ ಆಲಿಕಲ್ಲು ಸಮೇತ ಹೊಡೆಯಿತು. ನಾನು ಫೋನಿನ ಪಕ್ಕದಲ್ಲೇ ಕೂತಿದ್ದೆ. ನಾಲ್ಕು ಗಂಟೆಗೆ ಸಿದ್ದರಾಜು ಫೋನು ಮಾಡಿ, "ಟಾರ್ಪಾಲ್ ಮ್ಯಾಲೆ ಕಲ್ಲಿಟ್ಟು, ಅದ್ರ ಮ್ಯಾಲೆ ತಾವೇ ಕುಂತಿದ್ರು ಮೇಡಂ. ಒಂದು ಕೊಂಬೂ ನೆಂದಿಲ್ಲ" ಎಂದರು. ಅವತ್ತೂ ಅದೇ ಕುರ್ಚಿಯಲ್ಲಿ ಕೂತು ಅತ್ತೆ, ಈ ಸಲ ಖುಷಿಗೆ. ಮಾರನೇ ದಿನ ಕೌದಳ್ಳಿಯಲ್ಲಿ ಒಂದೇ ಸುದ್ದಿ. "ಮೇಡಮ್ಮು ಬರಕಿಲ್ಲ ಅಂತು, ನಾನು ಮುಚ್ಚುದೆ. ನೋಡುದ್ರಾ?" ನನ್ನ ಸೇವೆಯ ಅತ್ಯಂತ ಕರಾರುವಾಕ್ಕಾದ ಮುನ್ಸೂಚನೆ ಹೀಗೆ ಜಗಲಿಯ ಮೇಲೆ ದೊಡ್ಡ ಎಡವಟ್ಟು ಎಂದು ದಾಖಲಾಯಿತು.

ಮನಸ್ಸು ತಡೆಯದೆ ಸಾಹೇಬರ ಮನೆಗೆ ಹೋಗಿ ಹೇಳಿಕೊಂಡೆ. ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ. "ಸುಳ್ಳು ಸುಳ್ಳೇ. ರಿಜಿಸ್ಟರಿನಲ್ಲಿ ಬರಿ" ಎಂದರು. ಬರೆದೆ. "ಕೌದಳ್ಳಿಯ ಒಬ್ಬರಿಗೆ ಫೋನಿನಲ್ಲಿ ತಪ್ಪು ಮುನ್ಸೂಚನೆ ನೀಡಲಾಗಿದೆ. ಬೇಕೆಂದೇ." ಆ ವರ್ಷ ತಪಾಸಣೆಗೆ ಬಂದ ಅಧಿಕಾರಿ ಆ ಸಾಲಿನ ಕೆಳಗೆ ಓದದೆ ರುಜು ಹಾಕಿ, ದಾಖಲೆ ಅಚ್ಚುಕಟ್ಟಾಗಿದೆ ಎಂದು ಹೊಗಳಿ ಹೋದರು.

ಕೊನೆಯ ದಿನ ಡ್ರಾಯರ್ ಖಾಲಿ ಮಾಡುತ್ತಿದ್ದಾಗ ಮಾದೇವಮ್ಮ ಬಂದರು. ಕೈಯಲ್ಲಿ ಒಂದು ಚೀಲ ಅರಿಶಿನದ ಪುಡಿ. ಕೂರಿಸಿ, ಟೀ ತರಿಸಿ, ಎರಡು ವರ್ಷದಿಂದ ನುಂಗಿಕೊಂಡದ್ದನ್ನು ಹೇಳಿಬಿಟ್ಟೆ.

"ಮಾದೇವಕ್ಕ, ಅವತ್ತು ಮಳೆ ಬರೋದು ನನಗೆ ಗೊತ್ತಿತ್ತು. ಬೇಕು ಅಂತಲೇ ಬರಕಿಲ್ಲ ಅಂದೆ."

"ಗೊತ್ತು ಬುಡಿ."

"ಹೆಂಗೆ ಗೊತ್ತು?"

"ಅಲ್ಲ ಮೇಡಮ್ಮೋರೆ, ಇಷ್ಟ್ ವರ್ಸ ಆಯ್ತು, ಮಳೆ ಬರಕಿಲ್ಲ ಅಂತ ಏಳಕ್ಕೆ ಯಾರ್ಗಾದ್ರೂ ಒಂದ್ಸಲ ಫೋನ್ ಮಾಡಿದ್ದೀರಾ? ನೀವಾಗೆ ಮಾಡುದ್ರಲ್ಲ, ಅಲ್ಗೇ ತಿಳೀತು. ನಿಮ್ ಮಾತ್ ಮುಗಿಯಾ ಮುಂಚೆನೆ ಟಾರ್ಪಾಲ್ ಎಳಿತಿದ್ದೆ."

"ಮತ್ತೆ ಊರಿಗೆಲ್ಲ ಯಾಕೆ ಹಂಗೆ ಹೇಳ್ಕಂಡು ಬಂದ್ರಿ, ಮೇಡಮ್ಮು ತಪ್ಪು ಹೇಳ್ತು ಅಂತ?"

"ಇನ್ನೇನ್ ಏಳ್ಲಿ? ಸುಳ್ಳೇಳುದ್ರು ಅಂತ ಏಳ್ಳಾ?" ಮಾದೇವಮ್ಮ ಟೀ ಲೋಟ ಕೆಳಗಿಟ್ಟರು. "ತಪ್ಪೇಳುದ್ರು ಅಂದ್ರೆ ಜನ ನಗ್ತಾರೆ, ನಾಳಿಕೆ ತಿರ್ಗ ಕೇಳ್ತಾರೆ. ಸುಳ್ಳೇಳ್ತಾರೆ ಅಂತಾದ್ರೆ ಕೇಳಾರಾ?"

ಆಮೇಲೆ ಮೇಜಿನ ಮೇಲಿದ್ದ ಹಳೆಯ ಅರಿಶಿನದ ಕೊಂಬು ಅವರ ಕಣ್ಣಿಗೆ ಬಿತ್ತು. ಎತ್ತಿ ಮೂಸಿ ನೋಡಿದರು. "ಇದ್ನಿನ್ನೂ ಮಡಿಕಂಡಿದ್ದೀರಾ? ಥೂ, ಅತ್ಲಾಗಿ ಎಸೀರಿ" ಎಂದು ನಾನು ಕೈ ಚಾಚುವಷ್ಟರಲ್ಲಿ ಕಿಟಕಿಯಿಂದ ಹಿಪ್ಪುನೇರಳೆ ತೋಟಕ್ಕೆ ಬಿಸಾಡಿದರು.